ಹಿಟ್ಟಿನ ಡಬ್ಬಿ ಯಾಕೆ ಹೆದರಿಸಲಿಲ್ಲ? ಕಥೆಯಿಂದ ಮಾಡಿದ ಕಿರುಚಿತ್ರದಲ್ಲಿ ಸಸ್ಪೆನ್ಸ್ ಕೈಕೊಟ್ಟಾಗ

ವಿಜಯಪುರದ ಕಾಲೇಜು ಹುಡುಗರು ಕಿರುಚಿತ್ರ ಮಾಡಿದರೆ ಒಂದಲ್ಲ ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. ಚಹಾ ಬರುವ ಮೊದಲೇ ದೂರು ಶುರು. "ಸರ್, ಎಲ್ಲಾ ಛಲೋ ಬಂದೈತ್ರಿ, ಆದ್ರ ಸಸ್ಪೆನ್ಸ್ ಬರವಲ್ದು." ಮುಂದಿನ ಮಾತೂ ನನಗೆ ಬಾಯಿಪಾಠ. "ಒಂದ್ ಖಡಕ್ ಮ್ಯೂಸಿಕ್ ಹಾಕಿದ್ರ ಸರಿ ಹೋಗ್ತೈತಿ, ಅಲ್ರಿ?"

ಸರಿ ಹೋಗುವುದಿಲ್ಲ. ಬೈಕ್ ಸ್ಟಾರ್ಟ್ ಆಗದಿದ್ದರೆ ಮೊದಲು ಪೆಟ್ರೋಲ್ ಇದೆಯಾ ನೋಡುತ್ತೇವೆ. ಆಮೇಲೆ ಪ್ಲಗ್. ಇಂಜಿನ್ ಬಿಚ್ಚುವುದು ಕಟ್ಟಕಡೆಗೆ. ಈ ಹುಡುಗರು ಮಾತ್ರ ಸೀದಾ ಹೋಗಿ ಬೈಕಿಗೆ ಹೊಸ ಬಣ್ಣ ಬಳಿಯುತ್ತಾರೆ. ಸಸ್ಪೆನ್ಸಿನಲ್ಲಿ ಪೆಟ್ರೋಲ್ ಅಂದರೆ ಒಂದೇ: ನೋಡುವವರಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು.

ಉದ್ದಕ್ಕೂ ಒಂದೇ ಚಿತ್ರದ ಉದಾಹರಣೆ ಕೊಡುತ್ತೇನೆ. ಒಂಬತ್ತು ನಿಮಿಷದ್ದು. ಹಳೆಯ ಒಂದು ಸಣ್ಣ ಕಥೆಯಿಂದ ಮಾಡಿದ್ದು. ಒಂದು ಮನೆಯ ಸೊಸೆ, ಅವಳ ಭಾವ. ಭಾವ ಹೊಲದ ಪತ್ರವನ್ನು ಅವತ್ತು ರಾತ್ರಿ ಸಾಹುಕಾರನಿಗೆ ಮುಟ್ಟಿಸಬೇಕು. ಸೊಸೆ ಆ ಪತ್ರ ಕದ್ದು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿದ್ದಾಳೆ. ಭಾವ ಮನೆಯೆಲ್ಲಾ ಹುಡುಕುತ್ತಾನೆ. ಅವಳು ಅದೇ ಡಬ್ಬಿಯಿಂದ ಹಿಟ್ಟು ತೆಗೆದು ರೊಟ್ಟಿ ಬಡಿಯುತ್ತಾಳೆ. ಪತ್ರ ಎಲ್ಲಿದೆ ಎನ್ನುವುದು ಪುಸ್ತಕದಲ್ಲಿ ಗೊತ್ತಾಗುವುದು ಕೊನೆಯ ಪ್ಯಾರಾದಲ್ಲಿ. ಹುಡುಗರೂ ನಿಷ್ಠೆಯಿಂದ ಹಾಗೇ ಮಾಡಿದ್ದರು.

## "ಛಲೋ ಐತಿ" ಅಂತಾರೆ, ಆದರೆ ಯಾರೂ ಮುಂದಕ್ಕೆ ಬಾಗಿ ಕೂರುವುದಿಲ್ಲ

ಜಾಸ್ತಿ ಕೇಳಿಬರುವ ದೂರು ಇದೇ. ಮೊದಲ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಕಥೆ ಓದದ ಒಬ್ಬರನ್ನು ಕೂರಿಸಿ ಚಿತ್ರ ತೋರಿಸಿ. ಮೂರು ನಿಮಿಷ ಆದ ಮೇಲೆ ನಿಲ್ಲಿಸಿ ಕೇಳಿ: "ಈಗ ಏನಾಗಬಾರದು ಅನ್ನಿಸ್ತಿದೆ?" ಏನಾಗುತ್ತದೆ ಅಂತಲ್ಲ, ಏನಾಗಬಾರದು ಅಂತ.

"ಆ ಮನುಷ್ಯ ಡಬ್ಬಿಗೆ ಕೈ ಹಾಕಬಾರದು" ಅಂದರೆ ನಿಮ್ಮ ಇಂಜಿನ್ ಓಡುತ್ತಿದೆ. ಈ ವಿಭಾಗ ಬಿಟ್ಟು ಮುಂದೆ ಹೋಗಿ. "ಏನೋ ಹುಡುಕ್ತಿದ್ದಾನೆ, ಏನು ಅಂತ ಗೊತ್ತಿಲ್ಲ" ಅಂದರೆ ಟ್ಯಾಂಕ್ ಖಾಲಿ. "ಅವಳು ಅವನಿಗೆ ಏನಾಗಬೇಕು?" ಅಂತ ತಿರುಗಿ ನಿಮ್ಮನ್ನೇ ಕೇಳಿದರೆ ಸಮಸ್ಯೆ ಇನ್ನೂ ಹಿಂದಿದೆ. ಸಂಬಂಧವೇ ತಿಳಿದಿಲ್ಲ, ಭಯ ಎಲ್ಲಿಂದ ಬರಬೇಕು? ಮೊದಲ ನಿಮಿಷದಲ್ಲಿ "ಭಾವಾರ, ಊಟಕ್ಕ ಏಳ್ರಿ" ಎನ್ನುವ ಒಂದು ಮಾತು ಸಾಕು.

ಟ್ಯಾಂಕ್ ಯಾಕೆ ಖಾಲಿ? ಹುಡುಗರು ಬೆಚ್ಚಿಬೀಳಿಸುವುದನ್ನೇ ಸಸ್ಪೆನ್ಸ್ ಅಂದುಕೊಂಡಿರುತ್ತಾರೆ. ಒಬ್ಬ ಬೆಳಿಗ್ಗೆ ಬೂಟಿಗೆ ಕಾಲು ಹಾಕಿ ಕಿರುಚುತ್ತಾನೆ, ಒಳಗೆ ಚೇಳು. ನಾವು ಒಂದು ಕ್ಷಣ ಬೆಚ್ಚಿ, ಅಲ್ಲಿಗೇ ಮರೆಯುತ್ತೇವೆ. ಅದೇ ಚೇಳು ಬೂಟಿನೊಳಗೆ ಹೋಗುವುದನ್ನು ರಾತ್ರಿಯೇ ತೋರಿಸಿ. ಬೆಳಿಗ್ಗೆ ಅವನು ಹಲ್ಲುಜ್ಜಲಿ, ಚಹಾ ಕುಡಿಯಲಿ, ಒಂದು ಬೂಟು ಹಾಕಿಕೊಳ್ಳಲಿ. ಫೋನ್ ಬಂತು, ಎದ್ದು ಹೋದ. ಮತ್ತೆ ಬಂದು ಕೂತ. ಈಗ ಅವನ ಚಹಾ ಕುಡಿಯುವುದೂ ಸಸ್ಪೆನ್ಸೇ. ನಮ್ಮ ಕಡೆ ಎರೆಹೊಲದ ದಂಡೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಬೂಟು ಝಾಡಿಸದೆ ಯಾರೂ ಕಾಲು ಹಾಕುವುದಿಲ್ಲ.

ಎರಡನೇ ಪರೀಕ್ಷೆಗೆ ಒಂದು ಹಾಳೆ ಬೇಕು. ಮೂರು ಕಾಲಂ ಎಳೆಯಿರಿ: ನೋಡುವವರು, ಸೊಸೆ, ಭಾವ. ಪ್ರತಿ ದೃಶ್ಯಕ್ಕೂ ಯಾರಿಗೆ ಏನು ಗೊತ್ತು ಅಂತ ಬರೆಯಿರಿ. ನಮ್ಮ ಚಿತ್ರದಲ್ಲಿ ನೋಡುವವರ ಕಾಲಂ ಎಂಟನೇ ನಿಮಿಷದವರೆಗೆ ಖಾಲಿ ಇತ್ತು. ಸೊಸೆಗೆ ಎಲ್ಲಾ ಗೊತ್ತು, ನಮಗೆ ಏನೂ ಇಲ್ಲ. ಅದು ಒಗಟು. ಒಗಟೂ ಒಳ್ಳೆಯದೇ, ಆದರೆ ಒಂಬತ್ತು ನಿಮಿಷದಲ್ಲಿ ಒಗಟಿನಿಂದ ಎದೆ ಬಡಿಸುವುದು ಕಷ್ಟ. ನಮಗೂ ಸೊಸೆಗೂ ಒಂದೇ ಗುಟ್ಟು ಗೊತ್ತಿದ್ದರೆ ನಾವು ಅವಳ ಪಕ್ಕ ಹೋಗಿ ಕೂರುತ್ತೇವೆ. ಅವಳಿಗಿಂತ ನಮಗೆ ಒಂದು ಗುಲಗಂಜಿ ಜಾಸ್ತಿ ಗೊತ್ತಿದ್ದರೆ, ಉದಾಹರಣೆಗೆ ಹಿಟ್ಟಿನಿಂದ ಪತ್ರದ ಮೂಲೆ ಹೊರಗೆ ಬಂದಿದ್ದು ನಮಗಷ್ಟೇ ಕಂಡರೆ, ಕೂಗಬೇಕು ಅನ್ನಿಸುತ್ತದೆ.

ಪುಸ್ತಕದಲ್ಲಿ ಕೊನೆಯ ಪ್ಯಾರಾ ಕೆಲಸ ಮಾಡಿತಲ್ಲ ಅಂತ ಹುಡುಗರು ವಾದ ಮಾಡಿದರು. ಮಾಡಿತು, ಯಾಕಂದರೆ ಅಲ್ಲಿ ಕಥೆಗಾರ ಅವಳ ತಳಮಳವನ್ನು ಸಾಲು ಸಾಲಾಗಿ ಹೇಳುತ್ತಾ ಹೋಗುತ್ತಾನೆ. ಕ್ಯಾಮೆರಾಕ್ಕೆ ಕಂಡದ್ದು ರೊಟ್ಟಿ ಬಡಿಯುವ ಒಬ್ಬ ಹೆಣ್ಣುಮಗಳು, ಅಷ್ಟೇ.

ಮರುಶೂಟ್ ಬೇಕಾಗಲಿಲ್ಲ. ಕೊನೆಗೆ ಫ್ಲ್ಯಾಶ್‌ಬ್ಯಾಕ್ ಅಂತ ಇಟ್ಟಿದ್ದ ಪತ್ರ ಹುಗಿಯುವ ಶಾಟ್ ಇತ್ತಲ್ಲ, ಅದನ್ನು ಎತ್ತಿ ಮೊದಲ ನಿಮಿಷಕ್ಕೆ ಹಾಕಿದೆವು. ಹತ್ತು ನಿಮಿಷದ ಕೆಲಸ. ಅವತ್ತೇ ಪಕ್ಕದ ಮನೆಯ ಅಜ್ಜಿಗೆ ತೋರಿಸಿದರೆ, ಭಾವ "ಇನ್ನೊಂದ್ ರೊಟ್ಟಿ ಹಾಕವ್ವಾ" ಅಂದ ಕೂಡಲೇ ಅಜ್ಜಿ ಪರದೆಗೆ ಹೇಳಿದಳು: "ಸಾಕ್ ಏಳೋ, ಎಷ್ಟ್ ತಿಂತಿ!"

## ನಡುವೆ ಮೊಬೈಲ್ ತೆಗೆಯುತ್ತಾರೆ

ಎಷ್ಟನೇ ನಿಮಿಷಕ್ಕೆ ಮೊದಲ ಕೈ ಜೇಬಿಗೆ ಹೋಯಿತು, ಬರೆದಿಟ್ಟುಕೊಳ್ಳಿ. ತಪ್ಪು ಆ ಕ್ಷಣದಲ್ಲಿ ಇರುವುದಿಲ್ಲ, ಅದಕ್ಕೂ ಅರ್ಧ ನಿಮಿಷ ಹಿಂದೆ ಇರುತ್ತದೆ.

ಭಾವ ಟ್ರಂಕ್ ಹುಡುಕುತ್ತಾನೆ. ಗೂಡು ಹುಡುಕುತ್ತಾನೆ. ಹಾಸಿಗೆ ಸುರುಳಿ ಬಿಚ್ಚುತ್ತಾನೆ. ಮೂರೂ ಕಡೆ ಅಪಾಯ ಒಂದೇ ಅಳತೆ. ಒಂದೇ ಮಾತನ್ನು ಮೂರು ಸಲ ಹೇಳಿದರೆ ಯಾರು ಕೇಳುತ್ತಾರೆ? ಒಂದನ್ನು ಕಿತ್ತುಹಾಕಿ. ಉಳಿದವು ಅಡುಗೆಮನೆಯ ಹತ್ತಿರ ಹತ್ತಿರ ಬರುವ ಹಾಗೆ ಜೋಡಿಸಿ. ಜೊತೆಗೆ ಡಬ್ಬಿಯಲ್ಲಿ ಹಿಟ್ಟು ಇಳಿಯುತ್ತಾ ಹೋಗುವುದನ್ನು ತೋರಿಸಿ. ಅದೇ ನಿಮ್ಮ ಗಡಿಯಾರ. ಇನ್ನೊಂದು ಗಡಿಯಾರ ಬೇಕಾದರೆ ಕೊನೆಯ ಬಸ್ಸು. ಶುರುವಿನಲ್ಲಿ ಒಮ್ಮೆ ಹೇಳಿ, ಆಮೇಲೆ ದೂರದಲ್ಲಿ ಹಾರ್ನ್ ಕೇಳಿಸಿದರೆ ಸಾಕು. ಗೋಡೆ ಗಡಿಯಾರದ ಕ್ಲೋಸಪ್ ದಯವಿಟ್ಟು ಬೇಡ, ನೋಡಿ ನೋಡಿ ಸಾಕಾಗಿದೆ.

ಇದನ್ನೂ ಪ್ರಯತ್ನಿಸಿ: ಬೋರ್ ಆದಲ್ಲಿ ಕಟ್ ಜಾಸ್ತಿ ಮಾಡುವ ಬದಲು ಕಡಿಮೆ ಮಾಡಿ. ಅವಳ ಕೈ ಡಬ್ಬಿಯೊಳಗೆ ಇಳಿಯುವ ಶಾಟನ್ನು ಎರಡು ಸೆಕೆಂಡ್ ಉದ್ದ ಬಿಡಿ. ಹೊಡೆದಾಟಕ್ಕೆ ಬೇಕಾದ ಅವಸರ ಆತಂಕಕ್ಕೆ ಆಗಿಬರುವುದಿಲ್ಲ.

## ಕಥೆ ಓದಿದವರಿಗೆ ಮಾತ್ರ ತಿಳಿಯುತ್ತದೆ

ಸೌಂಡ್ ಮ್ಯೂಟ್ ಮಾಡಿ ನೋಡಿ. ವಾಯ್ಸ್‌ಓವರ್ ಇಲ್ಲದೆ ಚಿತ್ರ ಸತ್ತುಬಿದ್ದರೆ ನೀವು ಮಾಡಿದ್ದು ಚಿತ್ರ ಸಹಿತ ಕಥಾವಾಚನ.

ಕಥೆಯ ಪ್ರಿಂಟ್‌ಔಟ್ ತೆಗೆದು ಎರಡು ಬಣ್ಣದ ಪೆನ್ಸಿಲ್ ಹಿಡಿಯಿರಿ. ಕಣ್ಣಿಗೆ ಕಾಣುವ ವಾಕ್ಯಕ್ಕೆ ಒಂದು ಬಣ್ಣ, ತಲೆಯೊಳಗೆ ನಡೆಯುವ ವಾಕ್ಯಕ್ಕೆ ಇನ್ನೊಂದು. "ಅವಳ ಎದೆ ಡವಡವ ಅಂದಿತು" ಎನ್ನುವುದು ಎರಡನೇ ಬಣ್ಣ. ಇಂಥ ಪ್ರತಿ ವಾಕ್ಯಕ್ಕೂ ಕೈ ಮಾಡುವ ಒಂದು ಕೆಲಸ ಹುಡುಕಬೇಕು. ನಮ್ಮ ಹುಡುಗಿಯೊಬ್ಬಳು ಹುಡುಕಿದ್ದು ಇಷ್ಟು ಸಣ್ಣದು: ಭಾವ ಅಡುಗೆಮನೆ ಹೊಸ್ತಿಲಿಗೆ ಬಂದು ನಿಂತಾಗ ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ. ಅವಳು ಬೆರಳು ಒದ್ದೆ ಮಾಡಿ ಅಂಟಿಸುತ್ತಾಳೆ. ಮತ್ತೆ ಹರಿಯುತ್ತದೆ. ಹತ್ತು ವರ್ಷ ರೊಟ್ಟಿ ಬಡಿದ ಕೈಯಲ್ಲಿ ರೊಟ್ಟಿ ಹರಿಯಿತು ಅಂದರೆ ಒಳಗೆ ಏನು ನಡೆಯುತ್ತಿದೆ ಅಂತ ಈ ಊರಿನಲ್ಲಿ ಯಾರಿಗೂ ವಿವರಿಸಬೇಕಿಲ್ಲ. ಆ ಶಾಟ್ ಬಂದ ಮೇಲೆ ವಾಯ್ಸ್‌ಓವರಿನ ಅರ್ಧ ಪುಟ ಕಸದ ಬುಟ್ಟಿಗೆ ಹೋಯಿತು.

## ಹೆದರಬೇಕಾದಲ್ಲಿ ನಗುತ್ತಾರೆ

ಮೂರು ಕಾರಣ ನೋಡಿದ್ದೇನೆ. ಮೊದಲನೆಯದು ಮಾತು. ಪುಸ್ತಕದಲ್ಲಿ "ಪತ್ರವನ್ನು ಎಲ್ಲಿ ಅಡಗಿಸಿರುವೆ?" ಅಂತ ಇದೆ ಅಂತ ನಮ್ಮ ಭಾವನೂ ಹಾಗೇ ಅಂದರೆ ಜನ ನಗುತ್ತಾರೆ. "ಕಾಗದ ಎಲ್ಲೈತಿ?" ಅಷ್ಟೇ ಸಾಕು. ಪೂರ್ತಿ ಸುಮ್ಮನಿದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ಗೊತ್ತಿಲ್ಲದ ಕೆಲಸ. ಮೊದಲು ನಟಿಸಿದ ಹುಡುಗಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ, ಭೂಪಟ ಬಡಿಯುತ್ತಿದ್ದಳು. ನೋಡಿದ ಹೆಂಗಸರು ಪತ್ರ ಮರೆತು ರೊಟ್ಟಿ ನೋಡಿ ನಕ್ಕರು. ಕೈಗಳ ಕ್ಲೋಸಪ್‌ಗೆ ಅವಳ ಅತ್ತೆಯ ಕೈ ಬಳಸಿದೆವು, ಬಳೆ ಒಂದೇ ಥರದ್ದು ಇರಬೇಕು ಅನ್ನುವುದನ್ನು ಮಾತ್ರ ಮರೆಯಬೇಡಿ. ಮೂರನೆಯದು ಢಮಾರ್ ಅನ್ನುವ ಮ್ಯೂಸಿಕ್. ಅದು ಮುಂದಿನ ಲಕ್ಷಣ.

## ಮ್ಯೂಸಿಕ್ ತೆಗೆದರೆ ಏನೂ ಉಳಿಯುವುದಿಲ್ಲ

ಟೈಮ್‌ಲೈನಿನಲ್ಲಿ ಮ್ಯೂಸಿಕ್ ಟ್ರ್ಯಾಕ್ ಆಫ್ ಮಾಡಿ. ಈಗ ಕಣ್ಣು ಮುಚ್ಚಿ ಚಿತ್ರ ಕೇಳಿ. ಏನು ಕೇಳಿಸುತ್ತದೆ ಎನ್ನುವುದೇ ಪತ್ತೆ.

ಫ್ಯಾನಿನ ಗುಂಯ್, ಫ್ರಿಜ್ಜಿನ ಗುರ್, ಹೊರಗೆ ಟಂಟಂ ಗಾಡಿ. ಅದೂ ಪ್ರತಿ ಕಟ್‌ಗೆ ಒಂದೊಂದು ಥರ. ಹೀಗಿದ್ದರೆ ನೋಡುವವರ ಕಿವಿ ಪ್ರತಿ ಕಟ್‌ನಲ್ಲೂ ಎಡವುತ್ತದೆ. ಎಡವುವ ಕಿವಿ ಭಯಪಡುವುದಿಲ್ಲ. ಇದಕ್ಕೆ ಪರಿಹಾರ ಶೂಟಿಂಗ್ ದಿನವೇ ಮಾಡಬೇಕು. ಫ್ಯಾನ್, ಫ್ರಿಜ್ ಬಂದ್. ಫ್ರಿಜ್ಜಿನೊಳಗೆ ನಿಮ್ಮ ಬೈಕಿನ ಕೀಲಿ ಇಡಿ, ಆಗ ಮನೆಗೆ ಹೋಗುವ ಮೊದಲು ಮತ್ತೆ ಚಾಲೂ ಮಾಡುವುದು ಮರೆಯುವುದಿಲ್ಲ. ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಖಾಲಿ ಕೋಣೆಯ ಸದ್ದನ್ನೇ ಒಂದು ನಿಮಿಷ ರೆಕಾರ್ಡ್ ಮಾಡಿ. ಎಡಿಟಿಂಗಿನಲ್ಲಿ ಅದನ್ನು ಎಲ್ಲಾ ಕಟ್‌ಗಳ ಕೆಳಗೆ ಹಾಸಿದರೆ ಎಡವುವುದು ನಿಲ್ಲುತ್ತದೆ. ಕ್ಯಾಮೆರಾ ಎಷ್ಟೇ ದೂರ ಇರಲಿ, ಮೈಕ್ ಹತ್ತಿರ ಇರಬೇಕು. ಬೇರೆ ಮೈಕ್ ಇಲ್ಲದಿದ್ದರೆ ಇನ್ನೊಂದು ಫೋನಿನಲ್ಲಿ ರೆಕಾರ್ಡರ್ ಹಚ್ಚಿ ಒಲೆಯ ಪಕ್ಕ, ಫ್ರೇಮಿನಾಚೆ ಇಡಿ. ಶಾಟ್ ಶುರುವಿನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಆಮೇಲೆ ಎರಡನ್ನೂ ಹೊಂದಿಸುವುದು ಸುಲಭ.

ಇನ್ನು ಅಸಲಿ ವಿಷಯ. ಒಂದು ಸದ್ದು ಅಭ್ಯಾಸ ಮಾಡಿಸಿ, ಆಮೇಲೆ ಅದನ್ನು ನಿಲ್ಲಿಸಿ. ರೊಟ್ಟಿ ಬಡಿಯುವ ಸಪ್ಪಳ ನಮ್ಮ ಚಿತ್ರದಲ್ಲಿ ಎರಡನೇ ನಿಮಿಷಕ್ಕೆ ಶುರುವಾಗುತ್ತದೆ. ತಪ್ ತಪ್ ತಪ್. ಭಾವ ಪಡಸಾಲೆಯಲ್ಲಿ ಟ್ರಂಕ್ ಹುಡುಕುವಾಗಲೂ ಹಿಂದೆ ಅದೇ ಕೇಳಿಸುತ್ತದೆ. ನೋಡುವವರು ಅದನ್ನು ಮರೆತೇಬಿಡುತ್ತಾರೆ. ಐದನೇ ನಿಮಿಷಕ್ಕೆ ಅವನು ಟ್ರಂಕಿನ ಮುಚ್ಚಳ ಹಾಕುತ್ತಾನೆ, ಆಗ ಸಪ್ಪಳ ನಿಂತಿರುತ್ತದೆ. ಅವಳನ್ನು ತೋರಿಸಿಲ್ಲ. ಏನೂ ತೋರಿಸಿಲ್ಲ. ಅವನು ತಲೆ ಎತ್ತುತ್ತಾನೆ. ಮೂರು ಸೆಕೆಂಡ್. ತಪ್... ತಪ್... ಮತ್ತೆ ಶುರು, ಸ್ವಲ್ಪ ನಿಧಾನ. ಈ ಮೂರು ಸೆಕೆಂಡಿಗೆ ಸಮನಾದ ವಯಲಿನ್ ಯಾವ ಲೈಬ್ರರಿಯಲ್ಲೂ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಹೆದರಿಸುವ ಚಿತ್ರ ಅಂದ ಕೂಡಲೇ ಹುಡುಗರಿಗೆ ಗೋಳಗುಮ್ಮಟ ನೆನಪಾಗುತ್ತದೆ. 1656ರಲ್ಲಿ ಮುಗಿದ ಆ ಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಸದ್ದು ಏಳು ಸಲಕ್ಕೂ ಜಾಸ್ತಿ ಮರುದನಿಸುತ್ತದೆ. ಆಹಾ ಅನ್ನಿಸುತ್ತದೆ. ಆದರೆ ಡೈಲಾಗ್ ರೆಕಾರ್ಡ್ ಮಾಡಲು ಅದಕ್ಕಿಂತ ಕೆಟ್ಟ ಜಾಗ ಇಲ್ಲ, ಒಂದು ಮಾತಿನ ಮೇಲೆ ಇನ್ನೊಂದು ಬಿದ್ದು ಏನೂ ತಿಳಿಯುವುದಿಲ್ಲ. ಸಾಲದ್ದಕ್ಕೆ ಅಲ್ಲಿಗೆ ಬಂದವರೆಲ್ಲಾ ಒಮ್ಮೆ ಕೂಗಿಯೇ ಹೋಗುತ್ತಾರೆ. ನಾವೂ ಕೂಗಿದವರೇ, ಅಲ್ವಾ.

## ರಾತ್ರಿ ದೃಶ್ಯ ಬೂದು ಬೂದಾಗಿದೆ, ಕಾಳು ಕಾಳಾಗಿದೆ, ಅಥವಾ ಪಟಪಟ ಮಿನುಗುತ್ತಿದೆ

ಇದು ಕೇವಲ ಸೆಟ್ಟಿಂಗ್ ಸಮಸ್ಯೆ. ಫೋನಿಗೆ ಕತ್ತಲು ಕಂಡರೆ ಆಗದು, ತಾನೇ ಬೆಳಕು ಹೆಚ್ಚಿಸುತ್ತದೆ. ಕಾಳು ಕಾಳಾಗುವುದು ಅದಕ್ಕೇ. ಮುಖದ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಆಮೇಲೆ ಸ್ವಲ್ಪ ಕೆಳಗಿಳಿಸಿ.

ಮಿನುಗುವುದಕ್ಕೆ ಕಾರಣ ಕರೆಂಟು. ನಮ್ಮದು 50 ಹರ್ಟ್ಸ್, ಅದಕ್ಕೆ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಡಿಯುತ್ತವೆ. ಫೋನು ಸೆಕೆಂಡಿಗೆ 30 ಫ್ರೇಮ್, 1/60 ಸೆಕೆಂಡ್ ಶಟರ್‌ನಲ್ಲಿ ಇದ್ದರೆ ತಾಳ ತಪ್ಪುತ್ತದೆ. 25 ಫ್ರೇಮ್ ಮತ್ತು 1/50 ಶಟರ್ ಇಡಿ. ಫೋನಿನ ಕ್ಯಾಮೆರಾದಲ್ಲಿ ಈ ಆಯ್ಕೆ ಇಲ್ಲದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅಂತ ಉಚಿತ ಆ್ಯಪ್ ಇದೆ, ಆದರೆ ಎಲ್ಲಾ ಹಳೆಯ ಫೋನುಗಳಲ್ಲಿ ಓಡುವುದಿಲ್ಲ.

ಹೊರಗಿನ ರಾತ್ರಿ ದೃಶ್ಯವನ್ನು ನಡುರಾತ್ರಿ ತೆಗೆಯಬೇಡಿ. ಸೂರ್ಯ ಮುಳುಗಿದ ಮೇಲೆ ಆಕಾಶ ನೀಲಿಯಾಗಿರುವ ಸ್ವಲ್ಪ ಹೊತ್ತು ಸಿಗುತ್ತದೆ. ಆಗ ಕಿಟಕಿಯೊಳಗೆ ಒಂದು ಹಳದಿ ದೀಪ ಹಚ್ಚಿ ತೆಗೆಯಿರಿ. ರಿಹರ್ಸಲ್ ಬೆಳಕಿದ್ದಾಗಲೇ ಮುಗಿದಿರಬೇಕು, ಆ ಹೊತ್ತು ಯಾರಿಗೂ ಕಾಯುವುದಿಲ್ಲ.

## ಎಲ್ಲಾ ಸರಿ, ಕೊನೆ ಮಾತ್ರ ಸಪ್ಪೆ

ಗುಟ್ಟನ್ನು ಮೊದಲಿಗೆ ತಂದಾಗ ಇದು ಆಗಿಯೇ ಆಗುತ್ತದೆ. ಕೊನೆಯಲ್ಲಿ ಹೇಳಲು ಇಟ್ಟಿದ್ದು ಖರ್ಚಾಗಿದೆ. ನಮಗೂ ಹಾಗೇ ಆಯಿತು, ಈ ಸಲ ಮರುಶೂಟ್ ತಪ್ಪಲಿಲ್ಲ. ಹೊಸ ಕೊನೆಯನ್ನು ಹೊರಗಿನಿಂದ ತರಬೇಡಿ. ಚಿತ್ರದಲ್ಲಿ ಈಗಾಗಲೇ ಇರುವ ಸಾಮಾನುಗಳ ಪಟ್ಟಿ ಮಾಡಿ: ಪತ್ರ, ಹಿಟ್ಟು, ರೊಟ್ಟಿ, ಒಲೆ, ಬಸ್ಸು. ಒಂದು ಮಧ್ಯಾಹ್ನ ಕೂತು ಮಾತಾಡಿದ ಮೇಲೆ ಬಂದದ್ದು ಇದು. ಹಾರ್ನ್ ಕೇಳುತ್ತದೆ. ಭಾವ ಇನ್ನೊಂದು ಬಿಸಿ ರೊಟ್ಟಿ ಕೇಳುತ್ತಾನೆ. ಒಲೆ ಆರುತ್ತಿದೆ, ಕಟ್ಟಿಗೆ ಇಲ್ಲ. ಅವಳು ಡಬ್ಬಿಯ ತಳದಿಂದ ಪತ್ರ ತೆಗೆದು, ಹಿಟ್ಟು ಝಾಡಿಸಿ, ಒಲೆಗೆ ಹಾಕುತ್ತಾಳೆ. ರೊಟ್ಟಿ ಉಬ್ಬುತ್ತದೆ. ಅವನು ತಿನ್ನುತ್ತಾನೆ.

ಪುಸ್ತಕದಲ್ಲಿ ಹೀಗಿಲ್ಲ. ಕೊನೆ ಬದಲಿಸುತ್ತೇವೆ ಅಂತ ಹಕ್ಕಿರುವವರಿಗೆ ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಳ್ಳಬೇಕು.

## ಇಲ್ಲಿಗೆ ನಿಲ್ಲಿಸಿ, ಬಲ್ಲವರನ್ನು ಕೇಳಿ

ಮೂರು ಸಲ ಎಡಿಟ್ ಮಾಡಿದರೂ "ಏನಾಗಬಾರದು" ಎನ್ನುವ ಪ್ರಶ್ನೆಗೆ ಉತ್ತರ ಬರುತ್ತಿಲ್ಲವಾ? ಲ್ಯಾಪ್‌ಟಾಪ್ ಮುಚ್ಚಿ. ದೋಷ ಎಡಿಟಿಂಗಿನಲ್ಲಿ ಇಲ್ಲ, ಸ್ಕ್ರಿಪ್ಟಿನಲ್ಲಿದೆ. ನಾಟಕ ಮಾಡಿಸುವವರು ಯಾರಾದರೂ ಇದ್ದರೆ ಅವರ ಮುಂದೆ ಸ್ಕ್ರಿಪ್ಟ್ ಓದಿ.

ಹಕ್ಕಿನ ವಿಷಯ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡು 60 ವರ್ಷದವರೆಗೆ ಕಥೆಯ ಹಕ್ಕು ಅವರ ವಾರಸುದಾರರದ್ದು. ಬಾಗಲಕೋಟೆಯ ಕೆರೂರು ವಾಸುದೇವಾಚಾರ್ಯರು ತೀರಿಕೊಂಡದ್ದು 1921ರಲ್ಲಿ, ಅವರ ಕಥೆಗಳಿಗೆ ಯಾರನ್ನೂ ಕೇಳಬೇಕಿಲ್ಲ. ಅನುವಾದದ ಕಥೆಯಾದರೆ ಅನುವಾದಕರ ಹಕ್ಕು ಬೇರೆಯೇ ಇರುತ್ತದೆ. ಕ್ಲಾಸಿನೊಳಗೆ ತೋರಿಸುವುದು ಬೇರೆ, ಯೂಟ್ಯೂಬಿಗೆ, ಫೆಸ್ಟಿವಲ್‌ಗೆ ಕಳಿಸುವುದು ಬೇರೆ. ಕಳಿಸುವುದಿದ್ದರೆ ಬರಹದಲ್ಲಿ ಅನುಮತಿ ಇರಲಿ. ಗೋಳಗುಮ್ಮಟ, ಬಾರಾಕಮಾನಿನಂಥ ಸ್ಮಾರಕಗಳು ಪುರಾತತ್ವ ಇಲಾಖೆಯವು. ಟ್ರೈಪಾಡ್ ಬಿಚ್ಚುವ ಮೊದಲು ಅವರ ಅನುಮತಿ ಬೇಕು.

ಜಾಗದ ಆಸೆಗೆ ಜೀವ ಒತ್ತೆ ಇಡಬೇಡಿ. ಹಳೆಯ ವಾಡೆಗಳ ಮಾಳಿಗೆ ಹತ್ತುವ ಮೊದಲು ಮನೆಯವರನ್ನು ಕೇಳಿ, ತೊಲೆಗೆ ಗೆದ್ದಲು ಹಿಡಿದಿರುತ್ತದೆ. ಬಾವಡಿಯ ಪಾಚಿ ಮೆಟ್ಟಿಲ ಮೇಲೆ ನಟರನ್ನು ಹಿಂದೆ ಹಿಂದೆ ನಡೆಸಬೇಡಿ.

ಹಗೇವಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನೆಲದೊಳಗೆ ಜೋಳ ತುಂಬಿಡುವ ಆ ಗುಂಡಿ ಕ್ಯಾಮೆರಾಕ್ಕೆ ಬಹಳ ಚೆಂದ, ಪತ್ರವನ್ನು ಅಲ್ಲೇ ಬಚ್ಚಿಡೋಣ ಅಂತ ನಮ್ಮ ಹುಡುಗರೂ ಹಟ ಮಾಡಿದ್ದರು. ಮುಚ್ಚಿಟ್ಟ ಕಾಳು ಒಳಗಿನ ಆಮ್ಲಜನಕ ಹೀರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಇಳಿದವನು ಕೂಗುವ ಮೊದಲೇ ಎಚ್ಚರ ತಪ್ಪಬಹುದು, ಎತ್ತಲು ಇಳಿದವನ ಗತಿಯೂ ಅದೇ. ದೀಪ ಇಳಿಸಿ ನೋಡಿದೆವು, ಆರಲಿಲ್ಲ ಅಂತ ಧೈರ್ಯ ಮಾಡಬೇಡಿ. ಯಾರಾದರೂ ಒಳಗೆ ಬಿದ್ದರೆ ಹಿಂದೆ ಇಳಿಯದೆ 112ಕ್ಕೆ ಫೋನ್ ಮಾಡಿ. ಹಗೇವಿನ ಬಾಯಿಯನ್ನು ಮೇಲಿನಿಂದ, ದೂರ ನಿಂತು ಶೂಟ್ ಮಾಡಿ. ಒಳಗಿನ ದೃಶ್ಯ ಬೇಕೇ ಬೇಕು ಅಂದರೆ ಮನೆಯ ಮೂಲೆಗೆ ಕರಿ ಕಂಬಳಿ ಕಟ್ಟಿ, ಮೇಲಿಂದ ಒಂದು ಟಾರ್ಚ್ ಬಿಡಿ.

ಕುಣಿಕೆಯ ದೃಶ್ಯವಿದ್ದರೆ ಹಗ್ಗ ಯಾವತ್ತೂ ಕುತ್ತಿಗೆಗೆ ಬೇಡ, ನೆರಳಿನಲ್ಲಿ ತೋರಿಸಿ. ಒಲೆಯ ಶಾಟಿಗೆ ನೈಲಾನ್ ಸೀರೆ ಬೇಡ, ಪಕ್ಕದಲ್ಲಿ ಒಂದು ಕೊಡ ನೀರು ಇರಲಿ. ಆಟಿಕೆ ಪಿಸ್ತೂಲು, ಚಾಕು ಹಿಡಿದು ಬೀದಿಯಲ್ಲಿ ಓಡುವ ದೃಶ್ಯವಿದ್ದರೆ ಹಿಂದಿನ ದಿನವೇ ಪೊಲೀಸ್ ಠಾಣೆಗೂ ಓಣಿಯವರಿಗೂ ತಿಳಿಸಿ. ಒಮ್ಮೆ ನಾವು ಓಣಿಗೆ ತಿಳಿಸಿದ್ದೆವು, ಪಕ್ಕದ ಓಣಿಗೆ ತಿಳಿಸಿರಲಿಲ್ಲ. ನಮ್ಮ ವಿಲನ್ ಓಡುತ್ತಾ ತಿರುವು ದಾಟಿದ. ಕಟ್ ಅಂದ ಮೇಲೆ ಹೋಗಿ ನೋಡಿದರೆ ಅವನನ್ನು ಲೈಟಿನ ಕಂಬಕ್ಕೆ ಒರಗಿಸಿ ಕೂರಿಸಿದ್ದರು, ಸುತ್ತ ಇಪ್ಪತ್ತು ಜನ, ಮುಂದೆ ನಿಂತ ಅಜ್ಜನ ಕೈಯಲ್ಲಿ ನಮ್ಮ ರಟ್ಟಿನ ಚಾಕು.